ಟರ್ಬೈನ್ ಬರಲಿ, ಗೇಟಿನ ಕೀಲಿ ಮಾತ್ರ ಕೊಡಬೇಡಿ

ಮಾನ್ಯ ಇಂಧನ ಸಚಿವರಿಗೆ ಮತ್ತು ಮಾನ್ಯ ಜಲಸಂಪನ್ಮೂಲ ಸಚಿವರಿಗೆ,

ಮುಧೋಳ ತಾಲ್ಲೂಕಿನಿಂದ ನಮಸ್ಕಾರಗಳು.

ನಾನು ಮೋಟರ್ ವೈಂಡಿಂಗ್ ಮಾಡುವವನು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ರೈತರು ಸುಟ್ಟ ಮೋಟರ್ ತಂದು ಅಂಗಡಿ ಮುಂದೆ ಇಳಿಸುತ್ತಾರೆ. ನಾನು ಬಿಚ್ಚಿ, ಕರಕಾದ ತಂತಿ ಕಿತ್ತು ತೆಗೆದು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್ ಹಾಕಿ ಒಣಗಿಸಿ ಕೊಡುತ್ತೇನೆ. ಘಟಪ್ರಭಾ ದಂಡೆಗೆ ಮೂರು ಎಕರೆ ಕಬ್ಬೂ ಇದೆ. ಹಾಗಾಗಿ ಕರೆಂಟ್ ಚಿಂತೆ, ನೀರಿನ ಚಿಂತೆ ಎರಡೂ ನನಗೆ ದಿನಾ ಇದ್ದದ್ದೇ. ಈ ಎರಡೂ ಬಂದು ಕೂಡುವ ಜಾಗ ಕಿರು ಜಲವಿದ್ಯುತ್. ಅದಕ್ಕೇ ನಿಮ್ಮಿಬ್ಬರ ಹೆಸರಿಗೂ ಒಂದೇ ಪತ್ರ ಬರೆಯುತ್ತಿದ್ದೇನೆ.

ನಮ್ಮ ಕಡೆ ಹೊಳೆಯ ಮೇಲೋ ಕಾಲುವೆಯ ಮೇಲೋ ಖಾಸಗಿಯವರು ವಿದ್ಯುತ್ ಘಟಕ ಹಾಕುತ್ತಾರಂತೆ ಅಂತ ಸುದ್ದಿ ಬಂದರೆ ಸಾಕು, ಚಹಾದಂಗಡಿಯಲ್ಲಿ ಎರಡು ಪಕ್ಷ ಆಗುತ್ತವೆ. ಊರಿಗೆ ಹಗಲು ಕರೆಂಟ್ ಸಿಗುತ್ತದೆ ಅಂತ ಕೆಲವರು. ನಮ್ಮ ನೀರು ಹೋಯಿತು ಅಂತ ಕೆಲವರು. ಎರಡೂ ಮಾತು ಪೂರ್ತಿ ನಿಜ ಅಲ್ಲ. ಅಲ್ಲಿ ಹುಟ್ಟುವ ಕರೆಂಟ್ ಎಲ್ಲ ಕಡೆಯ ಕರೆಂಟ್ ಕೂಡುವ ಗ್ರಿಡ್‌ಗೆ ಹೋಗುತ್ತದೆ, ನೇರ ನಮ್ಮ ಊರಿನ ಟ್ರಾನ್ಸ್‌ಫಾರ್ಮರ್‌ಗೆ ಬರುವುದಿಲ್ಲ. ಟರ್ಬೈನ್ ನೀರನ್ನು ಕುಡಿದುಬಿಡುವುದೂ ಇಲ್ಲ. ಮೇಲಿಂದ ಬಂದ ನೀರು ಚಕ್ರ ತಿರುಗಿಸಿ ಕೆಳಗೆ ಅಷ್ಟೇ ಹೋಗುತ್ತದೆ. ಆದರೆ ಯಾವಾಗ ಹೋಗುತ್ತದೆ ಅನ್ನುವುದು ಬದಲಾಗಬಹುದು. ನನ್ನ ಪತ್ರ ಇರುವುದು ಈ "ಯಾವಾಗ" ಎಂಬುದರ ಬಗ್ಗೆ.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಖಾಸಗಿ ಹಣ ಬೇಡ ಅನ್ನುವವನು ನಾನಲ್ಲ. ಹಾಗೆ ಅನ್ನಲು ನಮ್ಮ ಜಿಲ್ಲೆಗಳ ಇತಿಹಾಸವೇ ಬಿಡುವುದಿಲ್ಲ. ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆಯ ನೀರಿನ ಬಲದಿಂದ ಹತ್ತಿ ಗಿರಣಿ ಶುರುವಾಗಿದ್ದು 1887ರಲ್ಲಿ. ಹಾಕಿದ್ದು ಕಂಪನಿಯ ಹಣ. ಮೈಸೂರು ಸಂಸ್ಥಾನ ಶಿವನಸಮುದ್ರದಲ್ಲಿ ಕರೆಂಟ್ ಹುಟ್ಟಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದು 1902ರಲ್ಲಿ. ಅದಕ್ಕಿಂತ ಹದಿನೈದು ವರ್ಷ ಮೊದಲೇ ನಮ್ಮ ಹೊಳೆ ಯಂತ್ರ ತಿರುಗಿಸಿತ್ತು.

ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಪ್ಪ ನನ್ನನ್ನು ಗೋಕಾಕ ಫಾಲ್ಸ್‌ಗೆ ಕರೆದುಕೊಂಡು ಹೋಗಿದ್ದರು. ಶ್ರಾವಣ ಮಾಸ. ಹೊಳೆ ಕೆಂಪಗೆ ತುಂಬಿತ್ತು. ತೂಗುಸೇತುವೆ ಮೇಲೆ ಅಪ್ಪನ ಧೋತ್ರ ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದೆ. ಎಲ್ಲರೂ ಧಬಧಬೆ ನೋಡುತ್ತಿದ್ದರೆ ಅಪ್ಪ ಕೆಳಗೆ ಕಣಿವೆಯಲ್ಲಿದ್ದ ಪವರ್‌ಹೌಸ್ ತೋರಿಸಿ, "ನೋಡಪ್ಪಾ, ನೀರು ಬೀಳೋದು ಸುಮ್ನೆ ಅಲ್ಲ, ಅಲ್ಲಿ ಹೋಗಿ ದುಡೀತೈತಿ" ಅಂದರು. ಸುಮಾರು 52 ಮೀಟರ್ ಎತ್ತರದಿಂದ ಬೀಳುವ ನೀರು. ನಾನು ಮುಂದೆ ಕರೆಂಟ್ ಕೆಲಸಕ್ಕೆ ಬಿದ್ದಿದ್ದು ಅವತ್ತಿನಿಂದಲೇ ಅಂತ ಈಗಲೂ ಅನಿಸುತ್ತದೆ.

ಅದೇ ಜಾಗಕ್ಕೆ ಏಪ್ರಿಲ್‌ನಲ್ಲಿ ಹೋಗಿ ನೋಡಿ. ಬರೀ ಕಲ್ಲು. ನಮ್ಮ ಹೊಳೆಗಳ ಸ್ವಭಾವವೇ ಹಾಗೆ. ನಾಲ್ಕು ತಿಂಗಳು ದಂಡೆ ಮೀರಿ ಹರಿಯುತ್ತವೆ, ನಾಲ್ಕು ತಿಂಗಳು ಸಾಧಾರಣ, ಆಮೇಲೆ ತಳ ಕಾಣುತ್ತದೆ. ಕೃಷ್ಣೆ ಕೂಡ ಅಥಣಿ, ಜಮಖಂಡಿ ಹತ್ತಿರ ಬೇಸಿಗೆಯಲ್ಲಿ ಬತ್ತಿ, ಕೊಯ್ನಾ ಅಣೆಕಟ್ಟೆಯಿಂದ ನೀರು ಬಿಡಿ ಅಂತ ನಾವು ಮಹಾರಾಷ್ಟ್ರವನ್ನು ಕೇಳಬೇಕಾಗುತ್ತದೆ. ಬೆಂಗಳೂರಿನಲ್ಲಿ ಕೂತು ಕಿರು ಜಲವಿದ್ಯುತ್‌ಗೆ ನಿಯಮ ಬರೆಯುವವರು ಮೊದಲು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಮಲೆನಾಡಿನ ಹಳ್ಳ ಬೇರೆ, ನಮ್ಮ ಹೊಳೆ ಬೇರೆ.

ಮಲೆನಾಡಿನಲ್ಲಿ ನೀರು ಕಡಿಮೆ ಇದ್ದರೂ ಎತ್ತರ ಜಾಸ್ತಿ. ನಮ್ಮಲ್ಲಿ ಎತ್ತರ ಇಲ್ಲ, ಮಳೆಗಾಲದಲ್ಲಿ ನೀರು ಇದೆ. ನಮಗೆ ಇರುವುದು ಬ್ಯಾರೇಜಿನ ಏಳೆಂಟು ಮೀಟರ್, ಕಾಲುವೆಯ ಡ್ರಾಪ್‌ನಲ್ಲಿ, ಅಂದರೆ ಕಾಲುವೆ ಮೆಟ್ಟಿಲಂತೆ ಕೆಳಗೆ ಬೀಳುವ ಜಾಗದಲ್ಲಿ, ಮೂರು ನಾಲ್ಕು ಮೀಟರ್. ಇಷ್ಟು ಕಡಿಮೆ ಎತ್ತರಕ್ಕೆ ಕ್ಯಾಪ್ಲಾನ್ ತರಹದ ಟರ್ಬೈನ್ ಬೇಕು. ಹಡಗಿನ ಫ್ಯಾನಿನಂತೆ ಇರುತ್ತದೆ. ತಡೆಗೋಡೆ, ಕಾಲುವೆ ನಮ್ಮ ತೆರಿಗೆ ಹಣದಲ್ಲಿ ಆಗಲೇ ಕಟ್ಟಿ ಆಗಿವೆ. ಹೊಸದಾಗಿ ಊರು ಮುಳುಗಿಸಬೇಕಿಲ್ಲ. ಹಳೇ ಬಾಗಲಕೋಟೆ ಆಲಮಟ್ಟಿ ಹಿನ್ನೀರಿಗೆ ಹೋಗಿದ್ದನ್ನು ಕಣ್ಣಾರೆ ಕಂಡ ಜಿಲ್ಲೆಗೆ ಇದು ಸಣ್ಣ ಮಾತಲ್ಲ. ಹರಿದು ಹೋಗುವ ನೀರಿನ ದಾರಿಯಲ್ಲಿ ಒಂದು ಚಕ್ರ ಇಡುವುದು, ಅಷ್ಟೇ. ಇದಕ್ಕೆ ನಾನು ಬೇಡ ಅಂತ ಹೇಗೆ ಹೇಳಲಿ?

ರೈತರು ನನ್ನನ್ನು ಕೇಳುತ್ತಾರೆ, "ಅಣ್ಣಾ, ನಮ್ಮ ಕಾಲುವೀ ಡ್ರಾಪ್‌ನ್ಯಾಗ ಎಷ್ಟು ಕರೆಂಟ್ ಹುಟ್ಟತೈತಿ?" ಲೆಕ್ಕ ಕಷ್ಟ ಏನಿಲ್ಲ. ನೀರು ಎಷ್ಟು ಕ್ಯೂಸೆಕ್ (ಸೆಕೆಂಡಿಗೆ ಎಷ್ಟು ಘನ ಅಡಿ) ಅನ್ನುವುದನ್ನು ಎಷ್ಟು ಅಡಿ ಬೀಳುತ್ತದೆ ಅನ್ನುವುದರಿಂದ ಗುಣಿಸಿ. ಬಂದದ್ದನ್ನು 15ರಿಂದ ಭಾಗಿಸಿ. ಸುಮಾರು ಅಷ್ಟು ಕಿಲೋವ್ಯಾಟ್. 700 ಕ್ಯೂಸೆಕ್ ಹರಿಯುವ ಕಾಲುವೆಯಲ್ಲಿ 13 ಅಡಿ ಡ್ರಾಪ್ ಇದ್ದರೆ 600 ಕಿಲೋವ್ಯಾಟ್ ಹುಟ್ಟುತ್ತದೆ. ಐದು ಎಚ್‌ಪಿ ಮೋಟರ್ ನೂರಕ್ಕೂ ಜಾಸ್ತಿ ಓಡಿಸಬಹುದು. ಈಗ ಆ ಡ್ರಾಪ್‌ನಲ್ಲಿ ಏನಾಗುತ್ತಿದೆ? ನೀರು ಬಿದ್ದು ನೊರೆ ಎಬ್ಬಿಸಿ ಕಲ್ಲು ಸವೆಸುತ್ತದೆ. ಹುಡುಗರು ಮೀನು ಹಿಡಿಯುತ್ತಾರೆ. ನೂರು ಮೋಟರಿನ ಶಕ್ತಿ ಕಣ್ಣೆದುರಿಗೇ ಹೋಗುವುದನ್ನು ನೋಡಿದರೆ ನನ್ನಂಥವನಿಗೆ ಸಂಕಟ ಆಗುತ್ತದೆ.

ಸರ್ಕಾರವೇ ಯಾಕೆ ಇದನ್ನು ಮಾಡಬಾರದು ಅಂತ ಕೇಳುವವರಿದ್ದಾರೆ. ದೊಡ್ಡವನ್ನು ಮಾಡಿದೆ. ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್, ಹಿಡಕಲ್‌ನಲ್ಲಿ 32 ಮೆಗಾವ್ಯಾಟ್, ಎರಡೂ ಕರ್ನಾಟಕ ವಿದ್ಯುತ್ ನಿಗಮದವು. ಆದರೆ ಅರ್ಧ ಮೆಗಾವ್ಯಾಟ್, ಒಂದು ಮೆಗಾವ್ಯಾಟ್‌ನ ಚಿಲ್ಲರೆ ಜಾಗಗಳಿಗೆ ಅಷ್ಟು ದೊಡ್ಡ ನಿಗಮ ಬಂದು ಕೂರುವುದಿಲ್ಲ. ಕೇಂದ್ರದ ಲೆಕ್ಕದಲ್ಲಿ 25 ಮೆಗಾವ್ಯಾಟ್‌ವರೆಗಿನದು ಕಿರು ಜಲವಿದ್ಯುತ್. 1991ರ ನಂತರ ವಿದ್ಯುತ್ ಉತ್ಪಾದನೆಗೆ ಖಾಸಗಿಯವರಿಗೆ ಬಾಗಿಲು ತೆರೆಯಿತು. 1996ರಲ್ಲಿ ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡೆಲ್ ಬಂತು, ಜಾಗ ಹಂಚುವ ಕೆಲಸ ಅದಕ್ಕೆ ಬಂತು. 2003ರ ವಿದ್ಯುತ್ ಕಾಯ್ದೆ ದಾರಿ ಇನ್ನೂ ಸುಲಭ ಮಾಡಿತು. ಇವತ್ತು ಕಿರು ಜಲವಿದ್ಯುತ್‌ನಲ್ಲಿ ದೇಶಕ್ಕೇ ಕರ್ನಾಟಕ ಮೊದಲು, 1,200 ಮೆಗಾವ್ಯಾಟ್‌ಗಿಂತ ಜಾಸ್ತಿ ಇದೆ. ಅದರಲ್ಲಿ ಬಹುಪಾಲು ಖಾಸಗಿ ಹಣದಿಂದಲೇ ಆದದ್ದು. ಹಣ ಹೂಡಿದವರು ಇಲ್ಲದಿದ್ದರೆ ಇದು ಆಗುತ್ತಲೇ ಇರಲಿಲ್ಲ. ಈ ಗೌರವ ಅವರಿಗೆ ಸಲ್ಲಬೇಕು.

ಈಗ ಅವರ ಕಷ್ಟವನ್ನೂ ಸ್ವಲ್ಪ ನೋಡೋಣ. ಯಾಕೆಂದರೆ ನಮ್ಮ ಕಷ್ಟ ಹುಟ್ಟುವುದು ಅಲ್ಲೇ.

ಒಂದು ಮೆಗಾವ್ಯಾಟ್ ಘಟಕ ಹಾಕಲು ಹಲವು ಕೋಟಿ ಬೇಕು. ಬಹುಪಾಲು ಬ್ಯಾಂಕ್ ಸಾಲ. ಘಟಕ ವರ್ಷಕ್ಕೆ 120 ದಿನ ಹಗಲು ರಾತ್ರಿ ಪೂರ್ತಿ ತಿರುಗಿದರೆ 28 ಲಕ್ಷ 80 ಸಾವಿರ ಯೂನಿಟ್ ಆಗುತ್ತದೆ. ಯೂನಿಟ್‌ಗೆ 4 ರೂಪಾಯಿ ಅಂತ ಸುಮ್ನೆ ಲೆಕ್ಕಕ್ಕೆ ಹಿಡಿಯಿರಿ. 1 ಕೋಟಿ 15 ಲಕ್ಷ. ಇದರಲ್ಲೇ ಬಡ್ಡಿ, ಅಸಲಿನ ಕಂತು, ನೌಕರರ ಸಂಬಳ, ರಿಪೇರಿ. ಹೊಳೆ ನಿಂತ ದಿನ ಟರ್ಬೈನ್ ನಿಲ್ಲುತ್ತದೆ, ಬಡ್ಡಿ ನಿಲ್ಲುವುದಿಲ್ಲ. ಮಳೆ ಕೈಕೊಟ್ಟ ವರ್ಷ ಆ ಮನುಷ್ಯನ ನಿದ್ದೆ ಹೋಗುತ್ತದೆ. ಕಬ್ಬಿನ ಬಿಲ್ಲಿಗೆ ಕಾದು ಕೂತ ರೈತನಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಮಳೆಗಾಲ ಮುಗಿಯಿತು, ಹೊಳೆ ಸಣ್ಣದಾಯಿತು ಅಂತ ಇಟ್ಟುಕೊಳ್ಳಿ. ಪ್ರತಿ ಟರ್ಬೈನ್‌ಗೂ ಕನಿಷ್ಠ ಇಷ್ಟು ನೀರು ಬೇಕು ಅಂತ ಇರುತ್ತದೆ. ಅದಕ್ಕಿಂತ ಕಡಿಮೆ ಬಂದರೆ ತಿರುಗಿಸಲು ಆಗುವುದಿಲ್ಲ. ಆಗ ಒಂದೇ ಉಪಾಯ. ಗೇಟ್ ಮುಚ್ಚಿ ನೀರು ತುಂಬಿಸುವುದು, ನಾಲ್ಕೈದು ಗಂಟೆ ಜೋರಾಗಿ ತಿರುಗಿಸುವುದು, ಮತ್ತೆ ಮುಚ್ಚುವುದು. ತಿಂಗಳ ಕೊನೆಗೆ ಅಳೆದರೆ ಕೆಳಗೆ ಹೋದ ನೀರು ಅಷ್ಟೇ ಇರುತ್ತದೆ. ಕಾಗದದಲ್ಲಿ ಯಾವ ತಪ್ಪೂ ಕಾಣುವುದಿಲ್ಲ. ಆದರೆ ಕೆಳಗಿನ ಹೊಳೆ ಹಗಲು ಬತ್ತಿ, ಸಂಜೆ ತುಂಬಿ, ಮರುದಿನ ಮತ್ತೆ ಬತ್ತುತ್ತದೆ.

ಇದು ಕಲ್ಪನೆ ಅಲ್ಲ. ನಮ್ಮ ಅಕ್ಕನ ಊರಿನಲ್ಲಿ ಆಗಿದ್ದು. ಯಾವ ಹೊಳೆ, ಯಾವ ಘಟಕ ಅಂತ ಹೇಳುವುದಿಲ್ಲ. ಒಬ್ಬರ ಮೇಲೆ ದೂರು ಹೇಳಿ ಮುಗಿಸುವುದು ನನ್ನ ಉದ್ದೇಶ ಅಲ್ಲ.

ಕೆಲವು ವರ್ಷಗಳ ಹಿಂದೆ, ದೀಪಾವಳಿ ಮುಗಿದು ಹದಿನೈದು ದಿನ ಆಗಿರಬೇಕು. ಆ ಊರ ಕಡೆಯಿಂದ ಒಂದೇ ವಾರದಲ್ಲಿ ನನ್ನ ಅಂಗಡಿಗೆ ಐದು ಮೋಟರ್ ಬಂದವು. ಐದೂ ಹೊಳೆಗೆ ಬಿಟ್ಟಿದ್ದ ಸಬ್‌ಮರ್ಸಿಬಲ್. ಐದನೆಯದನ್ನು ಟ್ರ್ಯಾಕ್ಟರ್‌ನಲ್ಲಿ ತಂದದ್ದು ಅಕ್ಕನ ಗಂಡ, ನಮ್ಮ ಮಾಮಾ. ವೋಲ್ಟೇಜ್ ಏರುಪೇರಾಗಿ ಸುಟ್ಟ ಮೋಟರ್, ಒಂದು ಫೇಸ್ ಹೋಗಿ ಸುಟ್ಟ ಮೋಟರ್, ನೀರಿಲ್ಲದೆ ಓಡಿ ಸುಟ್ಟ ಮೋಟರ್, ಮೂರನ್ನೂ ಬಿಚ್ಚಿದ ಕೂಡಲೇ ಬೇರೆ ಬೇರೆ ಗುರುತಿಸಬಹುದು. ಒಂದು ಫೇಸ್ ಹೋದರೆ ವೈಂಡಿಂಗಿನಲ್ಲಿ ಕೆಲವೇ ಗುಂಪು ಕಪ್ಪಾಗುತ್ತವೆ, ಉಳಿದವು ಕೆಂಪಗೇ ಇರುತ್ತವೆ. ಇಲ್ಲಿ ಹಾಗಿರಲಿಲ್ಲ. ಸುತ್ತಲೂ ಸಮನಾಗಿ ಬೆಂದುಹೋಗಿತ್ತು. ಬುಶ್ ತಿಂದುಹೋಗಿತ್ತು. ಸಬ್‌ಮರ್ಸಿಬಲ್‌ಗೆ ಸುತ್ತಲಿನ ನೀರೇ ತಂಪು. ನೀರು ಕೆಳಗಿಳಿದರೆ ಹತ್ತು ನಿಮಿಷ ಸಾಕು.

"ಮಾಮಾ, ಇದು ನೀರಿಲ್ದ ಓಡೈತಿ" ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. "ಹ್ಯಾಂಗ ತಮ್ಮಾ? ರಾತ್ರಿ ಮಲಗೂವಾಗ ಹೊಳಿ ತುಂಬಿತ್ತು. ಆರು ತಾಸಿಗೆ ಥ್ರೀ ಫೇಸ್ ಬಂತು. ಸ್ಟಾರ್ಟರ್ ತಾನ ಎತ್ತತೈತಿ" ಅಂದರು. ಅವರು ಸ್ಟಾರ್ಟರ್‌ಗೆ ಆಟೋ ಹಾಕಿದ್ದರು. ನಮ್ಮಲ್ಲಿ ಎಲ್ಲರೂ ಹಾಕುತ್ತಾರೆ. ಕರೆಂಟ್ ಯಾವಾಗ ಬರುತ್ತದೆ ಗೊತ್ತಿರುವುದಿಲ್ಲ ಅಲ್ವಾ? ರಾತ್ರಿ ತುಂಬಿದ್ದ ಹೊಳೆ ಬೆಳಗಾಗುವುದರಲ್ಲಿ ಮೋಟರ್ ಕಾಣುವಷ್ಟು ಇಳಿದಿತ್ತು. ಮೇಲೆ ಗೇಟ್ ಮುಚ್ಚಿದ್ದರು. ಸಂಜೆ ಮತ್ತೆ ಬಿಟ್ಟರು. ಯಾರಿಗೂ ಹೇಳಿರಲಿಲ್ಲ.

ಊರವರು ಹೋಗಿ ಕೇಳಿದರು. ಘಟಕದವರು ಕೆಟ್ಟದಾಗಿ ಮಾತಾಡಲಿಲ್ಲ, ಕೂರಿಸಿ ಚಹಾ ಕೊಟ್ಟರು. ನಮ್ಮ ಒಪ್ಪಂದದಲ್ಲಿ ಹಾಗೆ ಮಾಡಬಾರದು ಅಂತ ಎಲ್ಲೂ ಇಲ್ಲ ಅಂದರು. ಒಪ್ಪಂದ ತೋರಿಸಿ ಅಂದರೆ ಅದು ಮುಖ್ಯ ಕಚೇರಿಯಲ್ಲಿದೆ ಅಂದರು. ಇಲಾಖೆಯ ಒಂದು ಕಚೇರಿಗೆ ಹೋದರೆ ಇದು ಇನ್ನೊಂದು ಇಲಾಖೆಗೆ ಬರುತ್ತದೆ ಅಂದರು. ಆ ಇನ್ನೊಂದು ಕಚೇರಿಯಲ್ಲಿ ಸಾಹೇಬರು ಇರಲಿಲ್ಲ. ಐದು ಜನ ರೈತರು ಒಬ್ಬೊಬ್ಬರು ಐದಾರು ಸಾವಿರ ಖರ್ಚು ಮಾಡಿ ಮೋಟರ್ ಕಟ್ಟಿಸಿಕೊಂಡು ಹೋದರು. ಆ ಹಣ ಬಂದದ್ದು ನನ್ನ ಕೈಗೆ. ಅವತ್ತು ಗಲ್ಲಾಪೆಟ್ಟಿಗೆಗೆ ಹಾಕುವಾಗ ನನಗೆ ಖುಷಿಯಾಗಲಿಲ್ಲ.

ಮಾನ್ಯ ಸಚಿವರೇ, ಅಲ್ಲಿ ಯಾರೂ ಕೆಟ್ಟವರಿರಲಿಲ್ಲ. ಘಟಕದವರಿಗೆ ಸಾಲದ ಕಂತು ಇತ್ತು, ಒಪ್ಪಂದದಲ್ಲಿ ಜಾಗ ಇತ್ತು, ಅವರು ಗೇಟ್ ಮುಚ್ಚಿದರು. ನೀವು ಆ ಜಾಗ ಬಿಡಬಾರದಿತ್ತು. ನನ್ನ ದೂರು ಇಷ್ಟೇ.

2002ರ ರಾಷ್ಟ್ರೀಯ ಜಲನೀತಿಯಲ್ಲಿ ನೀರು ಹಂಚುವಾಗ ಯಾವುದು ಮೊದಲು ಅಂತ ಬರೆದಿತ್ತು. ಕುಡಿಯುವ ನೀರು ಮೊದಲು, ನೀರಾವರಿ ಆಮೇಲೆ, ಜಲವಿದ್ಯುತ್ ಮೂರನೆಯದು. ನೀತಿಯಲ್ಲಿ ಇದ್ದದ್ದು ಗೇಟ್ ತಿರುಗಿಸುವ ಹುಡುಗನ ಕೈಗೆ ಹೇಗೆ ಮುಟ್ಟಬೇಕು? ಅವನ ಮುಂದೆ ಗೋಡೆಗೆ ಒಂದು ಹಾಳೆ ಇರಬೇಕು. ಯಾವ ತಿಂಗಳಲ್ಲಿ ಕನಿಷ್ಠ ಎಷ್ಟು ಕ್ಯೂಸೆಕ್ ಕೆಳಗೆ ಸದಾ ಹರಿಯುತ್ತಿರಬೇಕು, ಒಂದು ಗಂಟೆಯಲ್ಲಿ ಹೊಳೆಯ ಮಟ್ಟ ಎಷ್ಟಕ್ಕಿಂತ ಜಾಸ್ತಿ ಏರಬಾರದು, ಇಳಿಯಬಾರದು ಅಂತ ಅದರಲ್ಲಿ ಇರಬೇಕು. ಅಷ್ಟು ನೀರು ಬರದ ದಿನ ಟರ್ಬೈನ್ ನಿಲ್ಲಬೇಕು, ಹೊಳೆ ಹರಿಯಬೇಕು. ಗೇಟಿನ ಕೀಲಿ ನೀರಾವರಿ ಇಲಾಖೆಯ ಎಂಜಿನಿಯರ್ ಕೈಯಲ್ಲಿ ಇರಬೇಕು, ಘಟಕದವರ ಕೈಯಲ್ಲಿ ಅಲ್ಲ. ಇಷ್ಟು ಒಪ್ಪಂದದಲ್ಲೇ ಬರೆದರೆ ಹಣ ಹೂಡುವವರೂ ಮೊದಲೇ ಲೆಕ್ಕ ಹಾಕಿ ಬರುತ್ತಾರೆ. ಎಷ್ಟು ದಿನ ತಿರುಗುತ್ತದೆ, ಎಷ್ಟು ಸಾಲ ತೆಗೆಯಬಹುದು ಅಂತ ಅವರಿಗೂ ಗೊತ್ತಿರುತ್ತದೆ. ಆಮೇಲೆ ಜಗಳ ಮಾಡಿ ನಿಲ್ಲಿಸುವುದಕ್ಕಿಂತ ಅದು ಅವರಿಗೂ ಒಳ್ಳೆಯದು.

ಕಾಲುವೆ ಮೇಲೆ ಹಾಕುವ ಘಟಕಕ್ಕೆ ಇನ್ನೊಂದು ಅಪಾಯ ಇದೆ. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಕಡೆ ಲೈನ್ ಟ್ರಿಪ್ ಆಗುವುದು ದಿನದ ಮಾತು. ಗಾಳಿ ಬಂದರೆ ಟ್ರಿಪ್, ಗುಡುಗಿದರೆ ಟ್ರಿಪ್. ಗ್ರಿಡ್ ಹೋದ ತಕ್ಷಣ ಟರ್ಬೈನ್ ನಿಲ್ಲಲೇಬೇಕು, ಇಲ್ಲದಿದ್ದರೆ ಮಿತಿ ಮೀರಿ ತಿರುಗಿ ಒಡೆಯುತ್ತದೆ. ಅದು ತಾನಾಗಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಆಗ ಕಾಲುವೆಯಲ್ಲಿ ಬರುತ್ತಿದ್ದ 700 ಕ್ಯೂಸೆಕ್ ಎಲ್ಲಿಗೆ ಹೋಗಬೇಕು? ಪಕ್ಕದ ಬೈಪಾಸ್ ಗೇಟ್ ಅದೇ ಕ್ಷಣ ತೆರೆದುಕೊಂಡರೆ ಸರಿ. ತೆರೆಯದಿದ್ದರೆ ಮೇಲಿನವರ ಹೊಲಕ್ಕೆ ಕಾಲುವೆ ಏರಿ ಒಡೆಯುತ್ತದೆ, ಕೆಳಗಿನವರಿಗೆ ನೀರು ನಿಲ್ಲುತ್ತದೆ. ಬೈಪಾಸ್ ಗೇಟ್ ಮೋಟರಿನಿಂದ ತೆರೆಯುವುದಾದರೆ ಮತ್ತದೇ ಕಥೆ. ಕರೆಂಟ್ ಹೋಗಿದ್ದಕ್ಕೇ ಅಲ್ವಾ ತೆರೆಯಬೇಕಾಗಿದ್ದು? ಕರೆಂಟ್ ಇಲ್ಲದಿದ್ದರೂ ತನ್ನ ಭಾರದಿಂದಲೋ, ನೀರು ಏರಿದ್ದರಿಂದಲೋ ತಾನೇ ತೆರೆಯುವ ಗೇಟ್ ಇರಬೇಕು. ಇಲ್ಲವೇ ನೀರು ತಾನಾಗಿ ಮೇಲಿಂದ ಹರಿದು ಹೋಗುವ ಕಟ್ಟೆ ಇರಬೇಕು. ಇದಕ್ಕೆ ಖರ್ಚು ಜಾಸ್ತಿ. ಹಣ ಉಳಿಸುವಾಗ ಮೊದಲು ಕತ್ತರಿ ಬೀಳುವುದು ಇದಕ್ಕೇ. ಘಟಕ ಶುರು ಮಾಡುವ ಮೊದಲು ಕಾಲುವೆ ತುಂಬ ನೀರು ಬಿಟ್ಟು, ಬೇಕಂತಲೇ ಲೈನ್ ಕಿತ್ತು, ಬೈಪಾಸ್ ತೆರೆಯುತ್ತದೋ ಇಲ್ಲವೋ ರೈತರ ಎದುರೇ ತೋರಿಸಲಿ. ತೋರಿಸಿದ ಮೇಲೆ ಅನುಮತಿ ಕೊಡಿ.

ಘಟಪ್ರಭಾ ಎಡದಂಡೆ ಕಾಲುವೆಗೆ ಧೂಪದಾಳದಲ್ಲಿ ಬಿಟ್ಟ ನೀರು ಗೋಕಾಕ, ರಾಯಬಾಗ ದಾಟಿ ನಮ್ಮ ಕಡೆ ಬರುವಷ್ಟರಲ್ಲಿ ಎಷ್ಟು ತೂಬು, ಎಷ್ಟು ಕಳ್ಳ ಪೈಪು ದಾಟಿರುತ್ತದೆ ಅನ್ನುವುದು ನಿಮಗೂ ಗೊತ್ತು. ತುದಿಯ ರೈತ ಪಾಳಿ ಬಂದ ಒಂದು ದಿನಕ್ಕಾಗಿ ವಾರಗಟ್ಟಲೆ ಕಾಯುತ್ತಾನೆ. ಆ ದಿನ ನಾಲ್ಕು ಗಂಟೆ ನೀರು ನಿಂತರೂ ಅವನ ಪಾಳಿ ಹೋಯಿತು. ಅದನ್ನು ಯಾರೂ ವಾಪಸ್ ಕೊಡುವುದಿಲ್ಲ.

ಇನ್ನು ಪ್ರಾಣದ ಮಾತು. 2014ರ ಜೂನ್‌ನಲ್ಲಿ ಹಿಮಾಚಲದ ಬಿಯಾಸ್ ನದಿಯಲ್ಲಿ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಮೇಲಿನ ಲಾರ್ಜಿ ಅಣೆಕಟ್ಟೆಯಿಂದ ಒಮ್ಮೆಲೇ ನೀರು ಬಿಟ್ಟಿದ್ದರು. ಅದು ಖಾಸಗಿಯದ್ದಲ್ಲ, ಸಣ್ಣದೂ ಅಲ್ಲ. ಆದರೆ ನೀರಿಗೆ ಆ ಭೇದ ಇಲ್ಲ. ಸಂಕ್ರಾಂತಿ ದಿನ ನಮ್ಮ ಹೊಳೆ ದಂಡೆಗೆ ಬಂದು ನೋಡಿ. ಎಳ್ಳು ಹಚ್ಚಿಕೊಂಡು ಸ್ನಾನ ಮಾಡುವವರು, ಬುತ್ತಿ ಬಿಚ್ಚಿ ಊಟಕ್ಕೆ ಕೂತವರು, ನೀರಲ್ಲಿ ಆಡುವ ಮಕ್ಕಳು. ಕೂಡಲಸಂಗಮ, ಚಿಕ್ಕಸಂಗಮದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬಾಕಿ ದಿನ ಬಟ್ಟೆ ಒಗೆಯುವ ಹೆಣ್ಣುಮಕ್ಕಳು, ಎಮ್ಮೆ ಮೈತೊಳೆಯುವವರು, ಬಲೆ ಬೀಸುವ ಅಂಬಿಗರು. ನೀರು ಬಿಡುವ ಮೊದಲು ಸೈರನ್ ಕೂಗಬೇಕು, ಕೆಳಗಿನ ಊರುಗಳಲ್ಲಿ ಡಂಗುರ ಹೊಡೆಸಬೇಕು, ರೈತರ ಫೋನಿಗೆ ಮೆಸೇಜ್ ಬರಬೇಕು. ಇದಕ್ಕೆ ಕೋಟಿ ಬೇಕಿಲ್ಲ, ಮನಸ್ಸು ಬೇಕು.

2019ರ ಆಗಸ್ಟ್‌ನ ಮಹಾಪೂರ ಕಂಡವರು ನಾವು. ಅವತ್ತು ನನ್ನ ಅಂಗಡಿಯಲ್ಲಿ ಎದೆಮಟ್ಟ ನೀರು. ಕಟ್ಟಿಟ್ಟ ಮೋಟರ್‌ಗಳೆಲ್ಲ ಕೆಸರಲ್ಲಿ ಹೂತುಹೋಗಿದ್ದವು. ಅಂಥ ದಿನ ಬ್ಯಾರೇಜಿನ ಎಲ್ಲ ಗೇಟೂ ಎತ್ತಬೇಕು. ಟರ್ಬೈನ್‌ಗೆ ಎತ್ತರ ಬೇಕು ಅಂತ ಒಂದು ಗೇಟನ್ನೂ ಒಂದು ತಾಸೂ ತಡೆಯಬಾರದು. ಯಾರ ಆದೇಶಕ್ಕೆ ಎತ್ತಬೇಕು, ಆ ಅಧಿಕಾರಿ ಯಾರು, ಅವರ ನಂಬರ್ ಏನು ಅನ್ನುವುದು ಮಳೆಗಾಲ ಶುರುವಾಗುವ ಮೊದಲೇ ದಂಡೆಯ ಪ್ರತಿ ಪಂಚಾಯಿತಿಯ ಬೋರ್ಡ್ ಮೇಲೆ ಇರಲಿ.

ಇಲ್ಲಿ ಒಂದು ಕಾನೂನಿನ ವಿಷಯ ಬರುತ್ತದೆ. ಪರಿಸರ ಅನುಮತಿಯ 2006ರ ಅಧಿಸೂಚನೆ ಪ್ರಕಾರ 25 ಮೆಗಾವ್ಯಾಟ್‌ಗಿಂತ ಚಿಕ್ಕ ಜಲವಿದ್ಯುತ್ ಯೋಜನೆಗೆ ಆ ಅನುಮತಿ ಬೇಕಿಲ್ಲ. ಅನುಮತಿ ಬೇಕಿಲ್ಲ ಅಂದರೆ ಅದರ ಜೊತೆ ಬರುವ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. ಸಣ್ಣವರಿಗೆ ಕಾಗದದ ಕಾಟ ಬೇಡ ಅನ್ನುವುದು ಒಳ್ಳೆಯ ಯೋಚನೆಯೇ. ಆದರೆ ಅದರಿಂದ ಆಗಿರುವುದೇನು? ದಂಡೆಯ ಜನ ತಮ್ಮ ಮಾತು ಹೇಳಬಹುದಾಗಿದ್ದ ಒಂದೇ ಒಂದು ದಿನವೂ ಹೋಗಿದೆ. ಊರವರಿಗೆ ಯೋಜನೆ ಗೊತ್ತಾಗುವುದು ಜೆಸಿಬಿ ಬಂದ ಮೇಲೆ. ಕೇಂದ್ರದ ನಿಯಮ ಬದಲಿಸಿ ಅಂತ ನಾನು ನಿಮ್ಮನ್ನು ಕೇಳುತ್ತಿಲ್ಲ. ಜಾಗ ಹಂಚುವವರು ನೀವೇ, ನೀರು ಕೊಡುವವರೂ ನೀವೇ. ಗ್ರಾಮಸಭೆಯಲ್ಲಿ ಓದಿ ಹೇಳದೆ ಒಪ್ಪಂದಕ್ಕೆ ಸಹಿ ಇಲ್ಲ ಅಂತ ಒಂದು ಆದೇಶ ಮಾಡಲು ನಿಮಗೆ ಯಾರ ಅಡ್ಡಿಯೂ ಇಲ್ಲ. ಒಪ್ಪಂದ ಕನ್ನಡದಲ್ಲಿರಲಿ. ಪ್ರತಿ ಪಂಚಾಯಿತಿಯಲ್ಲಿ ಒಂದು ಪ್ರತಿ ಇರಲಿ. ಮಾಮಾ ಅವರಂಥವರು ಕೇಳಿದಾಗ ಮುಖ್ಯ ಕಚೇರಿಯಲ್ಲಿದೆ ಅನ್ನುವ ಉತ್ತರ ಬರಬಾರದು.

ಖಾಸಗಿ ವಿದ್ಯುತ್ ಕಂಪನಿಯ ಎದುರು ರೈತರು ನಿಂತಿದ್ದು ನಮ್ಮ ಕೃಷ್ಣಾ ಕೊಳ್ಳದಲ್ಲಿ ಹೊಸದೇನಲ್ಲ. 1921ರಲ್ಲೇ ಪುಣೆ ಹತ್ತಿರದ ಮುಳಶಿಯಲ್ಲಿ ತಮ್ಮ ಭೂಮಿ ಮುಳುಗಿಸುವ ಟಾಟಾ ಕಂಪನಿಯ ಅಣೆಕಟ್ಟೆ ವಿರುದ್ಧ ಸೇನಾಪತಿ ಬಾಪಟ್ ಅವರ ಜೊತೆ ರೈತರು ಸತ್ಯಾಗ್ರಹ ಮಾಡಿದರು. ಆ ನೀರು ಭೀಮೆಗೆ ಬರಬೇಕಾದದ್ದು, ಪಶ್ಚಿಮಕ್ಕೆ ತಿರುಗಿ ಕರೆಂಟ್ ಹುಟ್ಟಿಸಿ ಹೋಗುತ್ತದೆ. ಕೃಷ್ಣೆಗೆ ಬರಬೇಕಾದ ಕೊಯ್ನಾ ನೀರಿನದೂ ಹಾಗೇ. ಕೃಷ್ಣೆಯ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ಆಯೋಗ ಕೊಯ್ನಾದಿಂದ ಪಶ್ಚಿಮಕ್ಕೆ ವರ್ಷಕ್ಕೆ 67.5 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಬಿಡಲು ಒಪ್ಪಿತು. ಹಿಡಕಲ್ ಜಲಾಶಯ ಪೂರ್ತಿ ತುಂಬಿದರೆ 51 ಟಿಎಂಸಿ. ಅದಕ್ಕಿಂತ ಜಾಸ್ತಿ ನೀರು ಅದು. ಇಂಡಿ, ಚಡಚಣ ಕಡೆಯ ಜನ ಬೇಸಿಗೆಯಲ್ಲಿ ಭೀಮೆಯ ಮರಳು ನೋಡುವಾಗ ಇದು ನೆನಪಾಗುತ್ತದೆ. ನಮ್ಮ ಕಿರು ಘಟಕಗಳಲ್ಲಿ ನೀರು ಹೊಳೆ ಬಿಟ್ಟು ಎಲ್ಲೂ ಹೋಗುವುದಿಲ್ಲ, ನಿಜ. ಆದರೆ ಕರೆಂಟ್‌ಗೆ ಅಂತ ಒಮ್ಮೆ ಬರೆದುಕೊಟ್ಟ ನೀರನ್ನು ಮತ್ತೆ ಕೇಳಿ ಪಡೆಯುವುದು ನೂರು ವರ್ಷಕ್ಕೂ ಆಗುವುದಿಲ್ಲ ಅಂತ ಈ ಕೊಳ್ಳ ಕಂಡಿದೆ. ಬರೆಯುವಾಗಲೇ ಎಚ್ಚರ ಬೇಕು.

ಕೊನೆಯದಾಗಿ ನನ್ನ ಮನಸ್ಸಿಗೆ ತೀರಾ ಹತ್ತಿರದ ಮಾತು. ಖಾಸಗಿ ಹೂಡಿಕೆ ಅಂದ ಕೂಡಲೇ ನೀವು ಬೆಂಗಳೂರು, ಹೈದರಾಬಾದ್, ಮುಂಬೈ ಕಡೆ ಯಾಕೆ ನೋಡುತ್ತೀರಿ? ನಮ್ಮ ಹಣವೂ ಖಾಸಗಿ ಹಣವೇ.

ಚಿಕ್ಕಪಡಸಲಗಿ ನಿಮಗೆ ಗೊತ್ತು. ಸರ್ಕಾರ ಕಟ್ಟಿಕೊಡಲಿಲ್ಲ ಅಂತ ಜಮಖಂಡಿ ಭಾಗದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ಹಣ ಕೂಡಿಸಿ, ತಾವೇ ಕಲ್ಲು ಹೊತ್ತು, ಕೃಷ್ಣೆಗೆ ಅಡ್ಡಲಾಗಿ 1989ರಲ್ಲಿ ಬ್ಯಾರೇಜ್ ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಅಂತ ಹೆಸರು. ನಮ್ಮ ಅಪ್ಪನೂ ಅಲ್ಲಿಗೆ ಎರಡು ದಿನ ಹೋಗಿ ಬುಟ್ಟಿ ಹೊತ್ತು ಬಂದಿದ್ದರು. ಕೈಯಲ್ಲಿ ಗುಳ್ಳೆ ಎದ್ದಿದ್ದವು. ಅದನ್ನು ಅವ್ವನಿಗೆ ಹೆಮ್ಮೆಯಿಂದ ತೋರಿಸಿದ್ದು ನನಗೆ ನೆನಪಿದೆ. ಹೊಳೆಗೆ ಅಡ್ಡಗೋಡೆಯನ್ನೇ ಕಟ್ಟಿದ ಜನ ಒಂದು ಟರ್ಬೈನ್ ಇಡಲಾರರೇ?

ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಇದೆ. ರಾಜ್ಯದಲ್ಲಿ ಬೇರೆಲ್ಲೂ ಇಲ್ಲದ್ದು. ಅಲ್ಲಿ ಹಳ್ಳಿಗಳಿಗೆ ಕರೆಂಟ್ ಹಂಚುವುದು ಆ ಸಂಘ. ಕರೆಂಟ್ ಹಂಚಬಲ್ಲ ಸಂಘ ಇದ್ದರೆ ಕರೆಂಟ್ ಹುಟ್ಟಿಸುವ ಸಂಘವೂ ಆಗಬಹುದು. ಕಾಲುವೆಗಳ ಮೇಲೆ ನೀರು ಬಳಕೆದಾರರ ಸಹಕಾರ ಸಂಘಗಳು ಆಗಲೇ ಇವೆ. ಎಷ್ಟೋ ಸಂಘಗಳು ಹೆಸರಿಗೆ ಮಾತ್ರ ಇವೆ, ಕೈಯಲ್ಲಿ ದುಡ್ಡಿಲ್ಲ. ಅವುಗಳ ಕಾಲುವೆಯ ಡ್ರಾಪ್‌ನಲ್ಲಿ ಘಟಕ ಬಂದರೆ ಮೊದಲ ಅವಕಾಶ ಅವುಗಳಿಗೆ ಕೊಡಿ. ಪೂರ್ತಿ ಆಗದಿದ್ದರೆ ಪಾಲು ಕೊಡಿ. ಹೊರಗಿನ ಕಂಪನಿ ಬರಲಿ, ಯಂತ್ರ ತರಲಿ, ನಡೆಸಲಿ. ನೂರಕ್ಕೆ ಇಪ್ಪತ್ತೈದು ಷೇರು ದಂಡೆಯ ರೈತರಿಗೆ ಮೀಸಲಿಡಿ. ಸಕ್ಕರೆ ಕಾರ್ಖಾನೆಯ ಷೇರು ಕೊಂಡು ಗೊತ್ತಿರುವ ಜನ ನಾವು. ಅದರಲ್ಲಿ ಕೆಲವು ಕಡೆ ಹಣ ಮುಳುಗಿದ್ದೂ ಇದೆ. ಹಾಗಾಗಿ ಲೆಕ್ಕಪತ್ರ ಪ್ರತಿ ವರ್ಷ ಸಭೆಯಲ್ಲಿ ಇಡಬೇಕು, ಉತ್ಪಾದನೆಯ ಮೀಟರ್ ಯಾರು ಬೇಕಾದರೂ ನೋಡುವಂತಿರಬೇಕು. ಮೀಟರ್ ಓದುವುದು ನಮ್ಮ ಹುಡುಗರಿಗೆ ಕಷ್ಟವಲ್ಲ.

ಷೇರು ಇದ್ದರೆ ಆಗುವ ಬದಲಾವಣೆ ನೋಡಿ. ಹೊಳೆ ಸಣ್ಣದಾದ ದಿನ ಟರ್ಬೈನ್ ನಿಲ್ಲಿಸಬೇಕೋ ಬೇಡವೋ ಅಂತ ತೀರ್ಮಾನಿಸುವ ಸಭೆಯಲ್ಲಿ ಕಬ್ಬು ಒಣಗುತ್ತಿರುವವನೂ ಕೂತಿರುತ್ತಾನೆ. ಅವನಿಗೆ ಕರೆಂಟಿನ ಲಾಭವೂ ಬೇಕು, ನೀರೂ ಬೇಕು. ಅವನು ಮಾಡುವ ಲೆಕ್ಕ ಬೇರೆಯಾಗಿರುತ್ತದೆ. ಅದೇ ಸರಿಯಾದ ಲೆಕ್ಕ ಅಂತ ನನ್ನ ನಂಬಿಕೆ.

2008ರ ರಾಷ್ಟ್ರೀಯ ಜಲವಿದ್ಯುತ್ ನೀತಿಯಲ್ಲಿ ಸ್ಥಳೀಯ ಅಭಿವೃದ್ಧಿಗೆ ಅಂತ ನೂರಕ್ಕೆ ಒಂದು ಪಾಲು ವಿದ್ಯುತ್ ಉಚಿತವಾಗಿ ಕೊಡುವ ಮಾತು ಬಂತು. ಅದು ದೊಡ್ಡ ಯೋಜನೆಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಕಿರು ಘಟಕಕ್ಕೂ ಅಂಥದ್ದೊಂದು ಸಣ್ಣ ಪಾಲು ಇರಲಿ. ಆ ಹಣದಲ್ಲಿ ಪಂಚಾಯಿತಿ ಕುಡಿಯುವ ನೀರಿನ ಜಾಕ್‌ವೆಲ್ (ಹೊಳೆಯಿಂದ ನೀರೆತ್ತುವ ಬಾವಿ) ರಿಪೇರಿ ಮಾಡಿಸಲಿ, ದಂಡೆಯ ಮೆಟ್ಟಿಲು ಕಟ್ಟಿಸಲಿ.

ಮುಂದಿನ ಸಲ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ನಿಮ್ಮಲ್ಲಿ ಯಾರಾದರೂ ಒಬ್ಬರು, ಇಲ್ಲವೇ ನಿಮ್ಮ ಮುಖ್ಯ ಎಂಜಿನಿಯರ್, ನಮ್ಮ ಕಡೆ ಬನ್ನಿ. ನಮ್ಮ ಊರ ಹತ್ತಿರದ ಡ್ರಾಪ್ ತೋರಿಸುತ್ತೇನೆ. ಹಗ್ಗ, ಟೇಪ್ ನಾನೇ ತರುತ್ತೇನೆ. ಎತ್ತರ ಅಳೆಯೋಣ, ನೀರು ಅಳೆಯೋಣ, 15ರಿಂದ ಭಾಗಿಸೋಣ. ಅಲ್ಲಿಂದ ಅಕ್ಕನ ಊರಿಗೆ ಹೋಗೋಣ. ಐದು ಜನ ರೈತರೂ ಇರುತ್ತಾರೆ. ಮಾಮಾ ಆ ಸುಟ್ಟ ತಂತಿಯ ಒಂದು ಸುರುಳಿ ಇನ್ನೂ ಗೂಟಕ್ಕೆ ನೇತುಹಾಕಿಕೊಂಡಿದ್ದಾರೆ. ಹೊಸ ಒಪ್ಪಂದದ ಕರಡು ಜೊತೆಗೆ ತನ್ನಿ. ಅವರ ಕಟ್ಟೆಯ ಮೇಲೆ ಕೂತು ಓದೋಣ. ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯೆ ಅಕ್ಕ ಮಾಡುತ್ತಾಳೆ. ದಿನ ಗೊತ್ತು ಮಾಡಿ ಪಂಚಾಯಿತಿಗೆ ಒಂದು ಕಾಗದ ಹಾಕಿ, ಅವತ್ತು ನಾನು ಅಂಗಡಿ ಮುಚ್ಚಿ ಬರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಮೋಟರ್ ವೈಂಡಿಂಗ್ ಕೆಲಸದವನು
ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ